ವಿಷದ ನಡುವೆ ಬಾಳುವ ಜೀವಿಗಳು

ಅಥಣಿ, ಕಾಗವಾಡ ತಾಲ್ಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಗೆ ಬೂಷ್ಟುರೋಗ ತಗಲದಂತೆ ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ ಸಿಂಪಡಿಸುವುದುಂಟು. ಬೋರ್ಡೋ ದ್ರಾವಣವೆಂಬ ಈ ಔಷಧದಲ್ಲಿರುವ ತಾಮ್ರವು ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ತಾಮ್ರ, ಆರ್ಸೆನಿಕ್ ಮೊದಲಾದವು ಕರಗಿರುವ ಗಣಿಗಳ ಹುಳಿನೀರಿನಲ್ಲಿಯೂ ಕೆಲವು ಬ್ಯಾಕ್ಟೀರಿಯಗಳು ಬಾಳಿ ವೃದ್ಧಿಯಾಗುತ್ತವೆ. ಇದು ಹೇಗೆ ಸಾಧ್ಯ?

ಮೊದಲು, ಇವು ವಿಷವಾಗುವುದೇಕೆ ಎಂಬುದನ್ನು ತಿಳಿಯಬೇಕು. ಜೀವಕೋಶದ ಕೆಲಸಗಳೆಲ್ಲ ಕಿಣ್ವಗಳಿಂದ ನಡೆಯುತ್ತವೆ. ಪಾದರಸವು ಕಿಣ್ವಗಳಲ್ಲಿರುವ ಗಂಧಕವನ್ನು ಬಿಗಿಯಾಗಿ ಹಿಡಿದು ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಆರ್ಸೆನಿಕ್ಕಿನ ಒಂದು ರೂಪವಾದ ಆರ್ಸೆನೇಟ್, ಜೀವಿಗಳಿಗೆ ಅಗತ್ಯವಾದ ಫಾಸ್ಫೇಟನ್ನು ಹೋಲುವುದರಿಂದ ಅದರ ವೇಷದಲ್ಲಿ ಕೋಶವನ್ನು ಹೊಕ್ಕು ಶಕ್ತಿಯ ಉತ್ಪಾದನೆಯನ್ನು ಕೆಡಿಸುತ್ತದೆ.

ಲೋಹವು ಮೂಲವಸ್ತು. ಅದನ್ನು ಯಾವ ಜೀವಿಯೂ ನಾಶಮಾಡಲಾರದು. ಆದುದರಿಂದ ಬ್ಯಾಕ್ಟೀರಿಯಗಳು ಬೇರೆ ಉಪಾಯಗಳನ್ನು ಅನುಸರಿಸುತ್ತವೆ. ಮೊದಲನೆಯದು, ಹೊರದೂಡುವುದು. ಕೋಶದ ಪೊರೆಯಲ್ಲಿರುವ ಪ್ರೋಟೀನುಗಳು ಪಂಪಿನಂತೆ ತಾಮ್ರವನ್ನು ಹೊರಕ್ಕೆ ನೂಕುತ್ತವೆ. ಎರಡನೆಯದು, ಕಟ್ಟಿಹಾಕುವುದು. ಕೆಲವು ಪ್ರೋಟೀನುಗಳು ಲೋಹವನ್ನು ಹಿಡಿದು ನಿರುಪದ್ರವಿಯಾಗಿಸುತ್ತವೆ. ಮೂರನೆಯದು, ರೂಪವನ್ನು ಬದಲಿಸುವುದು. ಕೆಲವು ಬ್ಯಾಕ್ಟೀರಿಯಗಳು ಕರಗಿದ ಪಾದರಸವನ್ನು ಆವಿಯಾಗಬಲ್ಲ ಪಾದರಸವಾಗಿ ಮಾರ್ಪಡಿಸುತ್ತವೆ. ಈ ಗುಣಗಳಿಗೆ ಕಾರಣವಾದ ಜೀನುಗಳು ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಚಿಕ್ಕ ಡಿ.ಎನ್.ಎ. ಉಂಗುರದಲ್ಲಿರುತ್ತವೆ, ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ದಾಟಬಲ್ಲವು.

1947ರಲ್ಲಿ ಅಮೆರಿಕದ ಕಲ್ಲಿದ್ದಲ ಗಣಿಗಳ ಹುಳಿನೀರಿನಲ್ಲಿ ಒಂದು ವಿಲಕ್ಷಣ ಬ್ಯಾಕ್ಟೀರಿಯ ಪತ್ತೆಯಾಯಿತು. ಇಂದು ಅದಕ್ಕೆ ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಎಂದು ಹೆಸರು. ಇದಕ್ಕೆ ಸೂರ್ಯನ ಬೆಳಕೂ ಬೇಡ, ಅನ್ಯಜೀವಿಗಳ ಆಹಾರವೂ ಬೇಡ. ಕಬ್ಬಿಣ ಮತ್ತು ಗಂಧಕಗಳನ್ನು ಆಮ್ಲಜನಕದೊಡನೆ ವರ್ತಿಸುವಂತೆ ಮಾಡಿ, ಅದರಿಂದ ದೊರೆಯುವ ಶಕ್ತಿಯಿಂದಲೇ ಇದು ಬದುಕುತ್ತದೆ. ಈ ಕ್ರಿಯೆಯಲ್ಲಿ ಗಂಧಕಾಮ್ಲ ಹುಟ್ಟಿ ಅದಿರು ಕರಗುತ್ತದೆ.

ಈ ಗುಣವು ನಮ್ಮ ನಾಡಿನಲ್ಲಿಯೂ ವಿಜ್ಞಾನಿಗಳ ಗಮನ ಸೆಳೆಯಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಕೆಲವು ಅದಿರುಗಳಲ್ಲಿ ಚಿನ್ನದ ಸೂಕ್ಷ್ಮ ಕಣಗಳು ಕಬ್ಬಿಣ, ಆರ್ಸೆನಿಕ್, ಗಂಧಕಗಳು ಕೂಡಿದ ಖನಿಜದೊಳಗೆ ಹುದುಗಿರುತ್ತವೆ. ಚಿನ್ನವನ್ನು ಕರಗಿಸುವ ಸೈನೈಡ್ ದ್ರಾವಣವು ಅವುಗಳನ್ನು ಮುಟ್ಟಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎ. ನಟರಾಜನ್ ಮತ್ತು ಸಂಗಡಿಗರು ಇಂಥ ಅದಿರಿನ ಮೇಲೆ ಬ್ಯಾಕ್ಟೀರಿಯಗಳನ್ನು ಬಳಸಿ ಸಂಶೋಧನೆ ನಡೆಸಿದರು. ಬ್ಯಾಕ್ಟೀರಿಯವು ಖನಿಜದ ಕವಚವನ್ನು ಕರಗಿಸಿದರೆ ಒಳಗಿನ ಚಿನ್ನ ಕೈಗೆಟುಕುತ್ತದೆ. ಆಗ ಬಿಡುಗಡೆಯಾಗುವ ಆರ್ಸೆನಿಕ್ಕನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯ ಮಾತ್ರವೇ ಈ ಕೆಲಸಕ್ಕೆ ತಕ್ಕುದು.

ಆದರೆ ಬ್ಯಾಕ್ಟೀರಿಯವನ್ನು ಉಳಿಸುವ ಉಪಾಯವು ಮನುಷ್ಯನಿಗೆ ಹಿತವೇ ಆಗಬೇಕೆಂದಿಲ್ಲ. ಅನೇಕ ಬ್ಯಾಕ್ಟೀರಿಯಗಳು ಆರ್ಸೆನೇಟನ್ನು ಆರ್ಸೆನೈಟಾಗಿ ಬದಲಿಸಿ ಹೊರದೂಡುತ್ತವೆ. ಆರ್ಸೆನೈಟ್ ಇನ್ನೂ ಹೆಚ್ಚು ವಿಷಕಾರಿ; ನೀರಿನೊಡನೆ ಸುಲಭವಾಗಿ ಹರಿಯುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 0.01 ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಕೂಡದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರು ಅಂತರ್ಜಲದಲ್ಲಿದ್ದ ಆರ್ಸೆನಿಕ್ಕಿನಿಂದ ಕಠಿಣ ಚರ್ಮರೋಗಗಳಿಗೆ ತುತ್ತಾದುದನ್ನು ಮರೆಯಲಾಗದು.

ಹೀಗೆ ಕಣ್ಣಿಗೆ ಕಾಣದ ಈ ಜೀವಿಯು ತನ್ನ ಮನೆಯಿಂದ ವಿಷವನ್ನು ಹೊರಗೆ ಹಾಕುತ್ತದೆಯೇ ಹೊರತು ಜಗತ್ತಿನಿಂದ ಅಳಿಸುವುದಿಲ್ಲ. ಹೊರಬಂದ ವಿಷವು ಬಾವಿಯನ್ನು ಸೇರದಂತೆ ತಡೆಯುವ ಹೊಣೆ ಗಣಿಯನ್ನು ತೋಡುವ ಮನುಷ್ಯನದು.