ಸೂರಿನ ನೀರು ಸೂರೆಹೋಗದಿರಲಿ

ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸುರಿದಾಗ ನಿಮ್ಮ ಮನೆಯ ಸೂರಿನ ನೀರು ಬೀದಿಯ ಕೊಚ್ಚೆ ಸೇರುತ್ತದೆ. ಮರುದಿನ ಅದೇ ಮನೆಯ ಹೆಣ್ಣುಮಕ್ಕಳು ಕೊಳವೆಬಾವಿಯ ನಲ್ಲಿಯ ಮುಂದೆ ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಕೋಲಾರ, ಪಾವಗಡದ ಕಡೆ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಇಂಥ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ದೊಡ್ಡವರ ಕೀಲುಗಳು ಬಿಗಿಯುತ್ತವೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಮಳೆ ನೀರಿನಲ್ಲಾದರೋ ಅದು ಇಲ್ಲವೆನ್ನುವಷ್ಟು ಕಡಿಮೆ.

ಎಷ್ಟು ನೀರು ಸಿಗುತ್ತದೆ?

ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಹೆಂಚಿನ ಮನೆ 40 ಚದರ ಮೀಟರ್ ಇದ್ದು, ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ 28,000 ಲೀಟರ್. ಐದರಲ್ಲೊಂದು ಪಾಲು ನಷ್ಟವೆಂದು ಕಳೆದರೂ 22,400 ಲೀಟರ್ ಉಳಿಯುತ್ತದೆ. ಐದು ಜನರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,125 ಲೀಟರ್ ಸಾಕು. ಕೊರತೆ ಇರುವುದು ಮಳೆಗಲ್ಲ, ಹಿಡಿದಿಡುವ ಪಾತ್ರೆಗೆ.

ಡ್ರಮ್ಮು ಇಡುವ ಕ್ರಮ

ಸೂರಿನ ಉದ್ದಕ್ಕೂ ತಗಡಿನ ದೋಣಿ ಕಟ್ಟಿ, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಅದರ ಕೆಳಗೆ 200 ಲೀಟರಿನ ಡ್ರಮ್ಮು ಇಡಿ. ತುಂಬಿದ ಡ್ರಮ್ಮು ಎರಡು ಕ್ವಿಂಟಾಲಿಗೂ ಹೆಚ್ಚು ತೂಗುವುದರಿಂದ ಕಲ್ಲಿನ ಗಟ್ಟಿ ಕಟ್ಟೆ ಇರಬೇಕು. ನಲ್ಲಿಯನ್ನು ತಳದಿಂದ ನಾಲ್ಕು ಬೆರಳು ಮೇಲೆ ಕೂರಿಸಿದರೆ ಗಸಿ ಕೊಡಕ್ಕೆ ಬರುವುದಿಲ್ಲ. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟೇ ತೊಳೆದರೂ ಬಳಸಕೂಡದು. ಹುಲ್ಲಿನ ಮಾಡು, ಕಲ್ನಾರು ಶೀಟಿನ ಮೇಲಿನ ನೀರು ದನಕರು, ಗಿಡಗಳಿಗೆ ಮಾತ್ರ ಇರಲಿ.

ಪ್ರತಿ ಮಳೆಯ ಮೊದಲ ಮೂರು ಕೊಡ ನೀರನ್ನು ಹೊರಗೆ ಬಿಡಿ. ಹಕ್ಕಿಯ ಹಿಕ್ಕೆ, ಧೂಳು ಅದರೊಡನೆ ಹೋಗುತ್ತವೆ. ಅನಂತರದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ ತುಂಬಿಸಿ.

ಸೊಳ್ಳೆಯ ಬಗ್ಗೆ ಎಚ್ಚರ

ಕಳೆದ ಸಲ ನಾನು ಹೋಗಿದ್ದ ಹಳ್ಳಿಯೊಂದರಲ್ಲಿ ಮುಚ್ಚಳವಿಲ್ಲದ ಡ್ರಮ್ಮಿನ ತುಂಬ ಸೊಳ್ಳೆಮರಿಗಳಿದ್ದವು. ಮನೆಯಾಕೆ, "ಮಳೆ ನೀರಿನ ಸಹವಾಸವೇ ಬೇಡ ಸಾರ್" ಎಂದರು. ತಪ್ಪು ನೀರಿನದಲ್ಲ, ಮುಚ್ಚಳದ್ದು. ಡೆಂಗೆ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಬಾಯಿಗೆ ಬಟ್ಟೆ ಬಿಗಿದು, ಮುಚ್ಚಳ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಬದಿಯನ್ನು ಉಜ್ಜಿ ತೊಳೆಯಿರಿ. ಕುಡಿಯುವ ನೀರನ್ನು ತಪ್ಪದೆ ಕುದಿಸಿ.

ಒಂದು ಡ್ರಮ್ಮು ನೀರು ಎಂಟು ದಿನಕ್ಕೆ ಬರುತ್ತದೆ, ಬೇಸಿಗೆ ದಾಟಿಸುವುದಿಲ್ಲ. ಮಳೆಯಿಲ್ಲದ ಐದು ತಿಂಗಳಿಗೆ ಸುಮಾರು 4,000 ಲೀಟರಿನ ಮುಚ್ಚಿದ ತೊಟ್ಟಿ ಬೇಕು. ಈ ವರ್ಷ ಡ್ರಮ್ಮಿನಿಂದ ಪ್ರಾರಂಭಿಸಿ. ಸೂರು ಎಷ್ಟು ಕೊಡುತ್ತದೆಂದು ಕಣ್ಣಾರೆ ಕಂಡ ಮೇಲೆ ತೊಟ್ಟಿ ಕಟ್ಟಲು ಮನಸ್ಸು ತಾನೇ ಬರುತ್ತದೆ.