ಕಲ್ಲಿಗೊಂದು ನ್ಯಾಯ, ಶಾಲೆಯ ಗೋಡೆಗೊಂದು ನ್ಯಾಯ

ಅಮೆರಿಕದ ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್. ಅಲ್ಲಿನ ಶಾಸನಸಭಾ ಭವನಕ್ಕೂ ರಾಜ್ಯದ ಸುಪ್ರೀಂ ಕೋರ್ಟ್ ಕಟ್ಟಡಕ್ಕೂ ನಡುವೆ ಆರು ಅಡಿ ಎತ್ತರದ ಗ್ರಾನೈಟ್ ಕಲ್ಲೊಂದು ನಿಂತಿದೆ. ಅದರ ಮೇಲೆ ಕೆತ್ತಿರುವುದು ಬೈಬಲಿನ ಹತ್ತು ಆಜ್ಞೆಗಳು. 1961ರಲ್ಲಿ ಅದನ್ನು ನೆಟ್ಟದ್ದು ಚರ್ಚ್ ಅಲ್ಲ; 'ಈಗಲ್ಸ್' ಎಂಬ ಸೇವಾ ಸಂಘ.

ಈ ಕಲ್ಲಿನ ಹಿಂದೊಂದು ಕಥೆಯಿದೆ. ಮಿನೆಸೋಟ ರಾಜ್ಯದಲ್ಲಿ ರೂಗಮರ್ ಎಂಬ ನ್ಯಾಯಾಧೀಶರ ಮುಂದೆ 1940ರ ದಶಕದಲ್ಲಿ ಒಬ್ಬ ಬಾಲ ಅಪರಾಧಿ ಬಂದನಂತೆ. ಹತ್ತು ಆಜ್ಞೆಗಳನ್ನು ಕಲಿತು ಪಾಲಿಸು ಎಂದು ಹೇಳಿದರೆ, ಅವು ಯಾವುವೆಂದೇ ಆ ಹುಡುಗನಿಗೆ ಗೊತ್ತಿರಲಿಲ್ಲ. ನ್ಯಾಯಾಧೀಶರು ತಮ್ಮ ಈಗಲ್ಸ್ ಸಂಘದ ಮೂಲಕ ಆಜ್ಞೆಗಳ ಮುದ್ರಿತ ಪ್ರತಿಗಳನ್ನು ಹಂಚಲು ಹೊರಟರು. ಆಗ 'ಟೆನ್ ಕಮಾಂಡ್‌ಮೆಂಟ್ಸ್' ಚಿತ್ರದ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರ ಜೊತೆ ಸೇರಿದರು. ಕಾಗದ ಕಲ್ಲಾಯಿತು. 1956ರಲ್ಲಿ ತೆರೆಕಂಡ ಆ ಚಿತ್ರದ ತಾರೆಯರೇ ಕೆಲವು ಊರುಗಳಲ್ಲಿ ಸ್ಮಾರಕಗಳ ಸಮಾರಂಭಕ್ಕೆ ಬಂದರು. ಭಕ್ತಿಯೂ ಪ್ರಚಾರವೂ ಅಲ್ಲಿ ಎಷ್ಟೆಷ್ಟು ಬೆರೆತಿದ್ದವೋ ಹೇಳುವುದು ಕಷ್ಟ.

ಆದರೆ ಕೆತ್ತುವ ಮೊದಲು ಒಂದು ತೊಡಕು ಬಗೆಹರಿಯಬೇಕಿತ್ತು: ಯಾರ ಹತ್ತು ಆಜ್ಞೆ? ಯೆಹೂದ್ಯರಿಗೆ 'ನಿನ್ನನ್ನು ಈಜಿಪ್ಟಿನಿಂದ ಬಿಡಿಸಿ ತಂದ ದೇವರು ನಾನೇ' ಎಂಬುದೇ ಮೊದಲನೆಯದು. ಕೆಥೊಲಿಕ್ಕರು ಮತ್ತು ಲೂಥರನ್ನರು ವಿಗ್ರಹ ನಿಷೇಧವನ್ನು ಮೊದಲನೆಯದರಲ್ಲೇ ಸೇರಿಸಿ, ಪರರದಕ್ಕೆ ಆಸೆಪಡಬಾರದೆಂಬ ಕೊನೆಯದನ್ನು ಎರಡಾಗಿ ಒಡೆಯುತ್ತಾರೆ. ಉಳಿದ ಬಹುಪಾಲು ಪ್ರಾಟೆಸ್ಟಂಟರಿಗೆ ವಿಗ್ರಹ ನಿಷೇಧವೇ ಪ್ರತ್ಯೇಕ ಎರಡನೆಯ ಆಜ್ಞೆ. ಇದು ಬರಿಯ ಎಣಿಕೆಯ ತಕರಾರಲ್ಲ. ಸರಕಾರಿ ಶಾಲೆಯಲ್ಲಿ ಯಾರ ಬೈಬಲ್ ಓದಬೇಕೆಂಬ ಜಗಳ ಹೊತ್ತಿಸಿದ ಕಿಚ್ಚಿನಲ್ಲಿ 1844ರಲ್ಲಿ ಫಿಲಡೆಲ್ಫಿಯಾ ನಗರ ಗಲಭೆಗೆ ಬಿದ್ದು ಹಲವರು ಸತ್ತರು. ಕೆಥೊಲಿಕ್ ಚರ್ಚುಗಳು ಸುಟ್ಟುಹೋದವು. ಹೊಡೆದಾಡಿದವರು ಎರಡೂ ಕಡೆ ಕ್ರೈಸ್ತರೇ. ಈಗಲ್ಸ್ ಸಂಘ ಮೂರೂ ಪಂಥದವರನ್ನು ಕೇಳಿ ರಾಜಿಯ ಪಾಠವೊಂದನ್ನು ಸಿದ್ಧಪಡಿಸಿತು.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿ, ಸರಕಾರ ಯಾವುದೇ ಧರ್ಮವನ್ನು ಸ್ಥಾಪಿಸಬಾರದೆನ್ನುತ್ತದೆ. ಸರಕಾರಿ ಶಾಲೆಯಲ್ಲಿ ಅಧಿಕೃತ ಪ್ರಾರ್ಥನೆ 1962ರಲ್ಲಿ, ಬೈಬಲ್ ಪಠಣ 1963ರಲ್ಲಿ ಸುಪ್ರೀಂ ಕೋರ್ಟಿನಿಂದ ರದ್ದಾದವು. ಆದರೂ 1978ರಲ್ಲಿ ಕೆಂಟಕಿ ರಾಜ್ಯ, ಪ್ರತಿ ತರಗತಿಯಲ್ಲೂ ಹತ್ತು ಆಜ್ಞೆಗಳ ಪಟವಿರಬೇಕೆಂದು ಕಾನೂನು ಮಾಡಿತು. ಖರ್ಚು ದಾನಿಗಳದ್ದು. ಪಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಪಾಶ್ಚಾತ್ಯ ನಾಗರಿಕತೆಯ ಕಾನೂನಿಗೆ ಮೂಲ ಎಂಬ ಒಕ್ಕಣೆ. ದೇವರ ಮಾತನ್ನು ಮಕ್ಕಳ ಮುಂದಿಡುವ ಹಂಬಲದವರು, ಇದು ದೇವರ ಮಾತೆಂದು ತೂಗಹಾಕಿದ್ದಲ್ಲ ಎಂದು ಕೋರ್ಟಿಗೆ ಹೇಳಬೇಕಾಗಿ ಬಂತು! ಸುಪ್ರೀಂ ಕೋರ್ಟ್ 1980ರಲ್ಲಿ ಅದನ್ನು ಒಪ್ಪಲಿಲ್ಲ. ಕಾನೂನು ಬಿದ್ದುಹೋಯಿತು.

ಕಲ್ಲಿನ ಗತಿ ಬೇರೆಯಾಯಿತು. 2005ರ ಜೂನ್ 27ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಕೆಂಟಕಿಯ ಎರಡು ಕೋರ್ಟ್ ಕಟ್ಟಡಗಳಲ್ಲಿ ಹೊಸದಾಗಿ ತೂಗಹಾಕಿದ್ದ ಆಜ್ಞೆಗಳು ಅಸಾಂವಿಧಾನಿಕ. ಟೆಕ್ಸಾಸಿನ ಕಲ್ಲು ಇರಬಹುದು. ಎರಡರಲ್ಲೂ ಐದಕ್ಕೆ ನಾಲ್ಕರ ಬಹುಮತ, ಎರಡರಲ್ಲೂ ಗೆದ್ದ ಪಕ್ಷದಲ್ಲಿದ್ದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಒಬ್ಬರೇ. ಹಲವು ಸ್ಮಾರಕಗಳ ನಡುವೆ ನಲವತ್ತು ವರ್ಷ ಈ ಕಲ್ಲು ಯಾರನ್ನೂ ಕೆಣಕದೆ ನಿಂತಿತ್ತು, ಈಗ ಕಿತ್ತರೆ ಅದೇ ಹೊಸ ಜಗಳಕ್ಕೆ ಕಾರಣವಾದೀತು ಎಂಬುದು ಅವರ ವಾದದ ತಿರುಳು. ಶಾಲೆಯ ಮಾತು ಬೇರೆ, ಅಲ್ಲಿ ಎಳೆಯ ಮಕ್ಕಳಿದ್ದಾರೆ ಎಂದೂ ಅವರು ಎಚ್ಚರಿಸಿದ್ದರು. ಉದ್ಯಾನದಲ್ಲಿ ನಡೆಯುವವನು ಮುಖ ತಿರುಗಿಸಿ ಹೋಗಬಹುದು. ತರಗತಿಯ ಹುಡುಗ ಎಲ್ಲಿಗೆ ಹೋದಾನು?

ಮುಂದೆ ಕೋರ್ಟಿನ ಗಾಳಿಯೂ ಬದಲಾಯಿತು. ಧರ್ಮ ಮತ್ತು ಸರಕಾರದ ನಂಟನ್ನು ಅಳೆಯಲು 1971ರಿಂದ ಬಳಸುತ್ತಿದ್ದ ಒರೆಗಲ್ಲನ್ನು 2022ರಲ್ಲಿ ಬದಿಗಿಟ್ಟು, ಇತಿಹಾಸ ಮತ್ತು ಪರಂಪರೆಯನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಈ ಬಾಗಿಲಿನಿಂದ ಹಳೆಯ ಪಟ ಮತ್ತೆ ಒಳಬಂತು. 2024ರಲ್ಲಿ ಲೂಸಿಯಾನ, 2025ರಲ್ಲಿ ಅರ್ಕನ್ಸಾ ಮತ್ತು ಟೆಕ್ಸಾಸ್, ತರಗತಿಗಳಲ್ಲಿ ಆಜ್ಞೆಗಳ ಪಟ ಕಡ್ಡಾಯ ಮಾಡಿದವು. ಮಕ್ಕಳ ತಂದೆತಾಯಿಯರು ಕೋರ್ಟಿಗೆ ಹೋದರು. ಅವರಲ್ಲಿ ಯೆಹೂದ್ಯರೂ ಕ್ರೈಸ್ತರೂ ಇದ್ದರು, ಯಾವ ಧರ್ಮಕ್ಕೂ ಸೇರದವರೂ ಇದ್ದರು. ಲೂಸಿಯಾನದ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ಮೂವರು ನ್ಯಾಯಾಧೀಶರ ಮೇಲ್ಮನವಿ ಪೀಠ 2025ರ ಜೂನ್‌ನಲ್ಲಿ ಹೇಳಿತು. ಅದೇ ಅಕ್ಟೋಬರಿನಲ್ಲಿ ಆ ನ್ಯಾಯಾಲಯದ ಪೂರ್ಣಪೀಠ ಮರುವಿಚಾರಣೆಗೆ ಒಪ್ಪಿತು.

ಲೂಸಿಯಾನದ ಶಾಸಕರು ತಮ್ಮ ಪಟಕ್ಕೆ ಆರಿಸಿಕೊಂಡದ್ದು ಕೋರ್ಟಿನಲ್ಲಿ ಗೆದ್ದ ಆಸ್ಟಿನ್ ಕಲ್ಲಿನ ಪಾಠವನ್ನೇ, ಅಂದರೆ ಈಗಲ್ಸ್ ಸಂಘದ ರಾಜಿಯ ಪಾಠವನ್ನು. ಆ ಪಾಠದಲ್ಲಿ ಆಜ್ಞೆಗಳಿಗೆ ಸಂಖ್ಯೆ ಇಲ್ಲ. ಕುಳಿತು ವಾಕ್ಯಗಳನ್ನು ಎಣಿಸಿದರೆ ಸಿಗುವುದು ಹತ್ತಲ್ಲ, ಹನ್ನೆರಡು.