ಕಿಟ್ ಖಾಲಿಯಾದ ಮೇಲೆ ಆ ಮನೆಗೆ ಹೋಗುವವರು ಯಾರು?

ರಮಝಾನ್ ಹತ್ತಿರ ಬಂತೆಂದರೆ ನಮ್ಮ ಮಹಲ್ಲ್‌ಗಳಲ್ಲಿ ಕಿಟ್‌ನ ಗಡಿಬಿಡಿ. ಅಕ್ಕಿ, ಸಕ್ಕರೆ, ಎಣ್ಣೆ, ಖರ್ಜೂರ ಎಲ್ಲ ಒಂದೇ ಚೀಲದಲ್ಲಿ. ಯುವಕರು ರಾತ್ರಿ ನಿದ್ದೆ ಬಿಟ್ಟು ಪ್ಯಾಕ್ ಮಾಡಿ ಮನೆ ಮನೆಗೆ ತಲುಪಿಸುತ್ತಾರೆ. ಒಳ್ಳೆಯ ಕೆಲಸ, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಶವ್ವಾಲ್ ತಿಂಗಳು ಅರ್ಧ ಕಳೆಯುವಾಗ ಚೀಲ ಖಾಲಿ. ಆ ಮನೆಯ ಕಷ್ಟ ಮಾತ್ರ ಇದ್ದಲ್ಲೇ ಉಂಟು.

ನಾವು ಕಣ್ಣಾರೆ ಕಂಡ ಒಂದು ಮನೆಯ ವಿಷಯ ಹೇಳುತ್ತೇವೆ. ಹೆಸರು, ಊರು ಬೇಡ.

ನಮ್ಮ ಮದ್ರಸದ ಐದನೇ ತರಗತಿಯ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಬೆಳಗ್ಗಿನ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದ. ತಂದೆ ರಿಕ್ಷಾ ಓಡಿಸುತ್ತಿದ್ದವರು, ಕೆಲವು ತಿಂಗಳ ಹಿಂದೆ ರಾತ್ರಿ ಎದೆನೋವು ಬಂದು ಮನೆಯಲ್ಲೇ ತೀರಿಹೋಗಿದ್ದರು. ತಾಯಿ ಬೀಡಿ ಕಟ್ಟುತ್ತಾರೆ. ಹುಡುಗ ಯಾಕೆ ಬರುತ್ತಿಲ್ಲ ಅಂತ ಅವನ ಗೆಳೆಯರಲ್ಲಿ ಕೇಳಿದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಹೇಳಿದ: "ಉಸ್ತಾದ್, ಕಿಟ್ ಕೊಡುವ ಫೋಟೋದಲ್ಲಿ ಅವನ ಉಮ್ಮ ಇದ್ದರು. ಎಲ್ಲರೂ ತಮಾಷೆ ಮಾಡಿದರು."

ಆ ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದವರು ಬೇರೆ ಯಾರೂ ಅಲ್ಲ, ನಾವೇ. ಲೆಕ್ಕ ಪಾರದರ್ಶಕವಾಗಿರಲಿ, ದಾನಿಗಳಿಗೆ ಖುಷಿಯಾಗಲಿ ಅಂತ ಹಾಕಿದ್ದು. ಹತ್ತು ವರ್ಷದ ಮಗುವಿಗೆ ಅದು ಹೇಗೆ ಕಾಣುತ್ತದೆ ಅಂತ ನಾವು ಯೋಚಿಸಿರಲಿಲ್ಲ.

ಸಂಜೆ ಕಮಿಟಿಯ ಹಿರಿಯರೊಬ್ಬರನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ಕ್ಷಮೆ ಕೇಳಿ, ಇನ್ನೂ ಸ್ವಲ್ಪ ಅಕ್ಕಿ ಕಳಿಸಬೇಕಾ ಅಂತ ವಿಚಾರಿಸಿದೆವು. ಬಾಗಿಲ ಮರೆಯಿಂದ ಆ ತಾಯಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿ ಉಂಟು: "ಅಕ್ಕಿ ಯಾರಾದರೂ ಕೊಡ್ತಾರೆ ಉಸ್ತಾದರೇ. ಆಫೀಸಿಗೆ ನನ್ನ ಜೊತೆ ಬರುವವರು ಯಾರೂ ಇಲ್ಲ."

ಕೊಡಲಿಗೆ ಹಿಡಿ ಹಾಕಿಕೊಟ್ಟ ಮಾದರಿ

ಮದ್ರಸದಲ್ಲಿ ನಾವು ಮಕ್ಕಳಿಗೆ ಹೇಳುವ ಒಂದು ಹದೀಸ್ ಉಂಟು. ಅನ್ಸಾರಿಯೊಬ್ಬರು ಪ್ರವಾದಿಯವರ (ಸ) ಬಳಿ ಸಹಾಯ ಕೇಳಿಕೊಂಡು ಬಂದರು. ಪ್ರವಾದಿಯವರು ಮೊದಲು ಕೇಳಿದ್ದು ಮನೆಯಲ್ಲಿ ಏನುಂಟು ಎಂದು. ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ. ಅದನ್ನು ತರಿಸಿ, ಅಲ್ಲಿದ್ದವರ ಮುಂದೆ ಹರಾಜು ಹಾಕಿ ಎರಡು ದಿರ್ಹಮಿಗೆ ಮಾರಿದರು. ಒಂದು ದಿರ್ಹಮಿನಲ್ಲಿ ಮನೆಯವರಿಗೆ ಊಟ, ಇನ್ನೊಂದರಲ್ಲಿ ಕೊಡಲಿ. ಆ ಕೊಡಲಿಗೆ ಪ್ರವಾದಿಯವರು ತಮ್ಮ ಕೈಯಾರೆ ಹಿಡಿ ಹಾಕಿಕೊಟ್ಟರು. ಕಟ್ಟಿಗೆ ಕಡಿದು ಮಾರಿ, ಹದಿನೈದು ದಿನ ಈ ಕಡೆ ಬರಬೇಡಿ ಎಂದರು. ಆತ ತಿರುಗಿ ಬರುವಾಗ ಕೈಯಲ್ಲಿ ಹತ್ತು ದಿರ್ಹಮ್ ದುಡಿಮೆ ಇತ್ತು.

ಇದರಿಂದ ನಾವು ಸಾಮಾನ್ಯವಾಗಿ ಕಲಿಸುವುದು ಭಿಕ್ಷೆ ಬೇಡಬಾರದು ಎಂಬ ಪಾಠ. ಸಹಾಯ ಮಾಡುವವರಿಗೂ ಇದರಲ್ಲಿ ಪಾಠ ಉಂಟು. ಮೊದಲು ಕೇಳಿ ತಿಳಿಯಬೇಕು. ಹಸಿವು ಮೊದಲು ನೀಗಬೇಕು. ಆಮೇಲೆ ಅವರ ಕೈಗೆ ಹೊಂದುವ ಕೆಲಸ. ಹಿಡಿ ಹಾಕಿಕೊಡುವಷ್ಟು ಹತ್ತಿರ ನಿಲ್ಲಬೇಕು. ಕೊನೆಗೆ ಏನಾಯಿತು ಅಂತ ವಿಚಾರಿಸಬೇಕು.

ನಾವು ಮಾಡುವುದೇನು? ಹಿಂದೊಮ್ಮೆ ಒಂದು ಮನೆಗೆ ಹೊಲಿಗೆ ಮಿಷನ್ ಕೊಟ್ಟಿದ್ದೆವು. ಹೊಲಿಯಲು ಬರುತ್ತದಾ ಅಂತ ಕೇಳಿರಲಿಲ್ಲ. ಅದೀಗ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದೆ. ಕೊಡಲಿ ಕೊಟ್ಟೆವು, ಹಿಡಿ ಹಾಕಲಿಲ್ಲ.

ಕಾಗದದ ದಾರಿ

ಆ ತಾಯಿಯ ಮನೆಯಲ್ಲಿ ಕೇಳುತ್ತಾ ಹೋದಂತೆ ಒಂದೊಂದೇ ಗಂಟು ಹೊರಬಿತ್ತು. ಗಂಡನ ಮರಣ ನೋಂದಣಿಯೇ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ತೀರಿಹೋದರೆ ಅವರೇ ತಿಳಿಸುತ್ತಾರೆ, ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು. 21 ದಿನದ ಒಳಗಾದರೆ ಸುಲಭ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ಒಂದು ಕಾಗದ ಇಲ್ಲದಿದ್ದರೆ ವಿಧವಾ ವೇತನಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ಬಿಪಿಎಲ್ ಮನೆಯ ದುಡಿಯುವ ವ್ಯಕ್ತಿ 60 ತುಂಬುವ ಮೊದಲೇ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ ಒಮ್ಮೆಗೆ ಸಿಗುವ 20,000 ರೂಪಾಯಿಗೂ ಅದೇ ಬೇಕು.

"ಇದ್ದತ್‌ನಲ್ಲಿ ಇದ್ದೆ, ಹೇಗೆ ಹೋಗುವುದು?" ಅಂದರು. ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಮರಣ ನೋಂದಣಿಗೆ ಆಕೆಯೇ ಹೋಗಬೇಕೆಂದಿಲ್ಲ, ಮನೆಯ ಗಂಡಸರು ಯಾರಾದರೂ ಮಾಡಿಸಬಹುದು. ಅಗತ್ಯದ ಕೆಲಸಕ್ಕೆ ಹಗಲಲ್ಲಿ ಹೊರಗೆ ಹೋಗಲು ನಮ್ಮ ಶಾಫಿಈ ಮದ್ಹಬ್‌ನಲ್ಲಿ ಆಕೆಗೂ ಅವಕಾಶ ಉಂಟು. ಸಂಶಯ ಇದ್ದವರು ಖತೀಬರಲ್ಲಿ ಕೇಳಿಕೊಳ್ಳಲಿ. ಇದ್ದತ್‌ನ ಹೆಸರಲ್ಲಿ ಒಂದು ಹೆಣ್ಣಿನ ಹಕ್ಕಿನ ವಾಯಿದೆ ಕಳೆದುಹೋಗುವುದು ದೀನ್ ಅಲ್ಲ, ನಮ್ಮ ಉದಾಸೀನ.

ಎರಡನೇ ಗಂಟು ಬೀಡಿಯದ್ದು. ಮದುವೆಯಾಗಿ ಬಂದಲ್ಲಿಂದ ಬೀಡಿ ಕಟ್ಟುತ್ತಿದ್ದಾರೆ, ಆದರೆ ಬುಕ್ ಅತ್ತೆಯ ಹೆಸರಲ್ಲಿ. ಬೀಡಿ ಕಾರ್ಮಿಕರಿಗೆ 1977ರಿಂದ ಪಿಎಫ್ ಉಂಟು. ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಬಂದರೆ 58 ತುಂಬಿದ ಮೇಲೆ ಪಿಂಚಣಿಯೂ ಉಂಟು. ಇಷ್ಟು ವರ್ಷ ಸೊಪ್ಪು ಕತ್ತರಿಸಿದ್ದು ಇವರ ಕೈ, ಲೆಕ್ಕ ಬೇರೆಯವರ ಹೆಸರಿಗೆ. ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಕಡಿಮೆ ಇಲ್ಲ. ಬುಕ್ ಯಾರ ಹೆಸರಲ್ಲಿ ಉಂಟು, ಆಧಾರ್‌ನಲ್ಲಿರುವ ಹೆಸರೂ ಪಿಎಫ್‌ನಲ್ಲಿರುವ ಹೆಸರೂ ಒಂದೇನಾ, ನಾಮಿನಿ ಯಾರು ಅಂತ ಇವತ್ತೇ ನಿಮ್ಮ ಮನೆಯಲ್ಲಿ ನೋಡಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಉಂಟು. ಅದಕ್ಕೂ ಬೀಡಿ ಕಾರ್ಮಿಕರೆಂಬ ದಾಖಲೆ ಬೇಕು.

ಮೂರನೆಯದು ಮಕ್ಕಳದ್ದು. ವಿಧವೆಯರ, ಗಂಡ ಬಿಟ್ಟುಹೋದವರ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶ ಉಂಟು. ಹಳ್ಳಿಯಲ್ಲಿ ವರ್ಷದ ಆದಾಯ 72,000, ಪೇಟೆಯಲ್ಲಿ 96,000 ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಹಾಕಿದವರಿಗೆಲ್ಲ ಸಿಗುತ್ತದೆ ಅಂತಲ್ಲ, ಹಾಕದವರಿಗೆ ಸಿಗುವುದೇ ಇಲ್ಲ.

ನಾಲ್ಕನೆಯದು ವಾರದ ಕಂತಿನ ಸಾಲ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ನೂರು ಮನೆಗೆ ಚೂರು ಚೂರು ಹಂಚುವ ಬದಲು ಒಂದು ಮನೆಯ ಸಾಲ ಪೂರ್ತಿ ತೀರಿಸಿದರೆ, ಮುಂದಿನ ವರ್ಷ ಆ ಮನೆ ಕೈಚಾಚುವವರ ಪಟ್ಟಿಯಲ್ಲಿ ಇರಲಾರದು. ಕಿರುಕುಳ, ಆಸ್ತಿ ಪಾಲು, ಜೀವನಾಂಶದ ವಿಷಯವಾದರೆ ಕಾನೂನು ಸೇವಾ ಪ್ರಾಧಿಕಾರ ಉಂಟು. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ಸೇವೆ ಉಚಿತ. ಸಹಾಯವಾಣಿ 15100.

ಪ್ರತಿ ಜಮಾಅತ್‌ನಿಂದ ಇಷ್ಟಾಗಲಿ

ಆ ತಾಯಿಯ ಜೊತೆ ಕಮಿಟಿಯ ಹಿರಿಯರೂ ಅವರ ಪತ್ನಿಯೂ ನಾಡಕಚೇರಿಗೆ, ಬ್ಯಾಂಕಿಗೆ, ಬೀಡಿ ಬ್ರ್ಯಾಂಚಿಗೆ ಹೋದರು. ಒಂದೊಂದು ಕಡೆ ಮೂರು ಮೂರು ಸಲ. ಎಲ್ಲವೂ ಸರಿಯಾಯಿತು ಅಂತ ಹೇಳುವುದಿಲ್ಲ. ವಿಧವಾ ವೇತನ ಮಂಜೂರಾಯಿತು, ಬೀಡಿ ಬುಕ್ ಅವರ ಹೆಸರಿಗೆ ಆಯಿತು, ಸಾಲ ತೀರಿತು. ಮಗನ ಅರ್ಜಿ ಇನ್ನೂ ಬಾಕಿ ಉಂಟು. ಕಳೆದುಹೋದ ವರ್ಷಗಳ ಪಿಎಫ್ ಯಾರೂ ತಂದುಕೊಡಲಾರರು.

ದೊಡ್ಡ ಸಂಸ್ಥೆ ಕಟ್ಟಬೇಕಾಗಿಲ್ಲ. ಓಡಾಡಬಲ್ಲ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು. ಒಂದು ರಿಜಿಸ್ಟರ್, ಅದು ಯಾರ ಮೊಬೈಲಿನಲ್ಲೂ ಇರಬಾರದು. ಮಯ್ಯತ್ ಆದ ಮನೆಗೆ ಮೂರು ವಾರದೊಳಗೆ ಒಂದು ಭೇಟಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ವಿಚಾರಣೆ. ಫೋಟೋ ಬೇಡವೇ ಬೇಡ. ಇಷ್ಟನ್ನು ಎಷ್ಟು ಚಿಕ್ಕ ಜಮಾಅತ್ ಆದರೂ ಮಾಡಬಹುದು.

ಹುಡುಗ ಈಗ ಕ್ಲಾಸಿಗೆ ಬರುತ್ತಿದ್ದಾನೆ. ನಾವು ಗ್ರೂಪಿನಿಂದ ಆ ಫೋಟೋ ತೆಗೆಸಿ, ಮಕ್ಕಳ ಮುಂದೆಯೇ ಅವನಲ್ಲಿ ಮಾಫಿ ಕೇಳಿದೆವು. ಮೊನ್ನೆ ನಮ್ಮಲ್ಲಿ ಇನ್ನೊಂದು ಮನೆಯಲ್ಲಿ ಮಯ್ಯತ್ ಆಯಿತು. ಆ ಹೆಣ್ಣುಮಗಳ ಕಾಗದ ಮಾಡಿಸಲು ಯಾರನ್ನು ಕಳಿಸುವುದು ಅಂತ ಯೋಚಿಸುತ್ತಿದ್ದಾಗ ಇವನೇ ಬಂದು ಹೇಳಿದ: "ಉಸ್ತಾದ್, ಉಮ್ಮ ಹೋಗ್ತಾರಂತೆ. ಅವರಿಗೆ ಆಫೀಸೆಲ್ಲ ಗೊತ್ತುಂಟು."